ಬಾಗಿದ ಪೆನ್ನಿ

"ಬಾಗಿರೋದು ಬಾಗಿದ ಹಾಗೇ ಇರ್ಲಿ, ಹುಡುಗಿ. ನೆಟ್ಟಗೆ ಮಾಡೋಕೆ ಹೋಗ್ಬೇಡ."

ಮುದುಕ ಲಾರ್ಟರ್ ಅಷ್ಟು ಹೇಳಿ ಕೈಯನ್ನು ಕೋಟಿನ ಜೇಬಿಗೆ ಸೇರಿಸಿಕೊಂಡ. ಹೆಸ್ಟರಳ ಅಂಗೈಯಲ್ಲಿದ್ದ, ನಡುವೆ ಬಾಗಿದ ಬೆಳ್ಳಿಯ ಪೆನ್ನಿ ನಾಣ್ಯವನ್ನು ಅವನು ಮುಟ್ಟಲಿಲ್ಲ.

ನಾರ್ಫಕ್‌ನ ಆ ಉತ್ತ ಹೊಲದಲ್ಲಿ ಅವರಿಬ್ಬರೇ ಇದ್ದರು. ಮಂಜು ಬೇಲಿಯವರೆಗೂ ಇಳಿದಿತ್ತು. ಹಸಿಮಣ್ಣು ಮತ್ತು ಕೊಳೆತ ಬೀಟ್ ಗಡ್ಡೆಯ ಎಲೆಗಳ ವಾಸನೆ. ಹೆಸ್ಟರ್ ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಇನ್ನೂ ತಿಂಗಳಾಗಿರಲಿಲ್ಲ. ಈ ಊರಿಗೆ ಬಂದ ಮೇಲೆ ಅವಳೊಡನೆ ಮಾತಾಡುತ್ತಿದ್ದವರು ಗಂಡ ಐವರ್ ಮತ್ತು ಈ ಮುದುಕ ಮಾತ್ರ. ಡಿಟೆಕ್ಟರಿನಲ್ಲಿ ಕಬ್ಬಿಣ ಗೊರಗುಟ್ಟುತ್ತದೆ, ಡಬ್ಬಿಯ ಮುಚ್ಚಳ ಬೆಳ್ಳಿಯೆಂದು ಸುಳ್ಳು ಹೇಳುತ್ತದೆ, ಬೆಳ್ಳಿ ಹಾಡುತ್ತದೆ ಎಂದು ಕಲಿಸಿದವನು ಅವನೇ. ಬೆಳಿಗ್ಗೆ ರೋಮನ್ನರ ಕಾಲದ್ದೆಂದು ಅವಳು ಓಡಿಬಂದು ತೋರಿಸಿದ ಬಟ್ಟೆಯ ಗುಂಡಿಯನ್ನು "ನಿಮ್ಮಜ್ಜನ ಚಡ್ಡೀದಿರ್ಬೇಕು" ಎಂದು ಎಸೆದವನೂ ಅವನೇ.

ಈಗ ಅವನು ನಗುತ್ತಿರಲಿಲ್ಲ.

"ನೇಗಿಲು ತಾಗಿ ಬಾಗಿರುತ್ತೆ ಬಿಡಿ."

"ನೇಗಿಲು ತಾಗಿದ್ರೆ ಗೀರು ಬೀಳುತ್ತೆ. ಇದನ್ನ ಬೆರಳಲ್ಲೇ ಬಾಗಿಸಿದ್ದಾರೆ. ನೂರಾರು ವರ್ಷದ ಹಿಂದೆ ಮನೇಲಿ ಯಾರಾದ್ರೂ ಸಾಯೋ ಹಾಗಿದ್ರೆ, ಅವರ ತಲೆ ಮೇಲೆ ಪೆನ್ನಿ ಹಿಡಿದು, ಹರಕೆ ಹೇಳಿ ಬಾಗಿಸ್ತಿದ್ರು. ಆಮೇಲೆ ಸಂತನ ಸಮಾಧಿಗೆ ಒಪ್ಪಿಸ್ಬೇಕು. ಇದನ್ನ ಒಪ್ಪಿಸಿಲ್ಲ. ಹೂತಿದ್ದಾರೆ." ಅವನು ದನಿ ತಗ್ಗಿಸಿದ. "ಅಂದ್ರೆ ಆ ಜಡ್ಡು ಇನ್ನೂ ಅದರ ಮಡಿಕೇಲೇ ಇದೆ."

"ಹಾಗಾದ್ರೆ ಔಷಧಿ ಅಂಗಡಿಯವನಿಗೆ ಕೊಟ್ಬಿಡ್ಲಾ?"

"ತೋಡಿದ ಗುಂಡಿಗೇ ಹಾಕಿ ಮುಚ್ಚು," ಎಂದು ಮುದುಕ ಮಂಜಿನೊಳಗೆ ನಡೆದ.

ಹೆಸ್ಟರ್ ಗುಂಡಿ ಮುಚ್ಚಿದಳು. ನಾಣ್ಯವನ್ನು ಜೇಬಿಗೆ ಹಾಕಿಕೊಂಡಳು.

ಮನೆಯಲ್ಲಿ ಐವರ್ ಆಲೂಗಡ್ಡೆ ಸುಲಿಯುತ್ತಿದ್ದ.

"ಬಂದ್ಯಾ ನಿಧಿ ರಾಣಿ? ಇವತ್ತೂ ಮೊಳೆನಾ?"

"ಮೊಳೆ ನಿನ್ನ ತಲೇಲಿದೆ."

"ಸದ್ಯ, ತಲೇಲಿ ಏನೋ ಇದೆ ಅಂತ ಒಪ್ಕೊಂಡ್ಯಲ್ಲ."

ಅವಳು ನಕ್ಕು ನಾಣ್ಯವನ್ನು ಮೇಜಿನ ಮೇಲಿಟ್ಟಳು. ಯಾವ ರಾಜನ ಕಾಲದ್ದೆಂದು ತಿಳಿಯಲು ಅಂಚಿನ ಅಕ್ಷರ ಓದಬೇಕು. ಅರ್ಧ ಅಕ್ಷರಗಳು ಮಡಿಕೆಯೊಳಗಿದ್ದವು. ಎರಡು ಮರದ ತುಂಡುಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಬೆಳ್ಳಿ ಸಣ್ಣಗೆ ಕಿರುಗುಟ್ಟಿತು. ನೆಟ್ಟಗಾಯಿತು.

ವಾಸನೆ ಮೊದಲು ಬಂತು. ಹಳೆಯ ಹುಲ್ಲು, ಹುಳಿ ಬೆವರು, ಬಹಳ ದಿನ ಬಾಗಿಲು ತೆರೆಯದ ರೋಗಿಯ ಕೋಣೆ.

"ಹೆಸ್ಟರ್, ಕಿಟಕಿ ಮುಚ್ಚೇ. ಚಳಿ."

ಕಿಟಕಿ ಮುಚ್ಚಿಯೇ ಇತ್ತು.

ಐವರನ ಕೈಯಿಂದ ಚಾಕು ಜಾರಿತು. ಅವನನ್ನು ಸೋಫಾದವರೆಗೆ ನಡೆಸುವಷ್ಟರಲ್ಲಿ ಅಂಗಿ ತೊಯ್ದುಹೋಗಿತ್ತು. ಮೈ ಒಲೆಯಂತೆ ಸುಡುತ್ತಿತ್ತು. ಕಿವಿಯ ಕೆಳಗೆ ಏನೋ ಊದಿಕೊಳ್ಳುತ್ತಿತ್ತು, ಕಪ್ಪಗೆ. ಆಂಬುಲೆನ್ಸಿನವರು ಹೊರಟಿದ್ದೇವೆ, ಮಂಜಿನಲ್ಲಿ ತಡವಾಗಬಹುದು ಎಂದರು. ಅವಳು ಮತ್ತೆ ಫೋನ್ ಒತ್ತಿದಳು. ಈ ಸಲ ಲಾರ್ಟರನಿಗೆ.

"ನೆಟ್ಟಗೆ ಮಾಡಿದ್ಯಾ?"

"ಹೂಂ. ಐವರ್ ಸಾಯ್ತಿದ್ದಾನೆ."

"ಅವನ ತಲೆ ಮೇಲೆ ಹಿಡಿದು ಮತ್ತೆ ಬಾಗಿಸು. ಏನು ಕೊಡ್ತೀನಿ ಅಂತ ಬಾಯ್ಬಿಟ್ಟು ಹೇಳ್ಬೇಕು. ಯೋಚಿಸಿ ಹೇಳು ಹುಡುಗಿ, ಯೋಚಿಸಿ..."

ಯೋಚಿಸಲು ಹೊತ್ತಿರಲಿಲ್ಲ. ಐವರನ ಉಗುರು ನೀಲಿಯಾಗಿತ್ತು. ದೀಪ ಉರಿಯುತ್ತಿತ್ತು, ಆದರೂ ಕೋಣೆ ಕಪ್ಪಗಾಗುತ್ತಿತ್ತು. ಮೂಲೆಯಲ್ಲಿ ಯಾರೋ ಕೆಮ್ಮಿದರು. ಐವರ್ ಅಲ್ಲ. ಇನ್ನೊಬ್ಬರು. ಹುಲ್ಲಿನ ಮೇಲೆ ಹೊರಳಿದ ಸದ್ದು. ಹತ್ತಿರ. ಇನ್ನೂ ಹತ್ತಿರ. ಅವಳು ನಾಣ್ಯವನ್ನು ಅವನ ಹಣೆಯ ಮೇಲೆ ಹಿಡಿದಳು. ಒತ್ತಿದಳು. ಬಾಗಲಿಲ್ಲ. ಬೆರಳು ಜಾರಿತು. ಮತ್ತೆ ಒತ್ತಿದಳು. ಬೆಳ್ಳಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮುರಿಯದಿರಲಿ. ಮುರಿಯದಿರಲಿ. ಐವರನ ಎದೆ ಏಳಲಿಲ್ಲ.

"ನನ್ನದು ಏನು ಬೇಕಾದ್ರೂ ತಗೋ. ಇವನನ್ನ ಬಿಡು!"

ಬಾಗಿತು.

ಕೆಮ್ಮು ನಿಂತಿತು. ಕಿವಿಯ ಕೆಳಗಿನ ಕಪ್ಪು ಇಂಗಿಹೋಯಿತು. ಐವರ್ ದೀರ್ಘವಾಗಿ ಉಸಿರೆಳೆದು ಕಣ್ಣು ತೆರೆದ. ಹೆಸ್ಟರ್ ಅವನ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಅವನು ನೋವಾಗದಂತೆ ಕೈ ಬಿಡಿಸಿಕೊಂಡ.

"ಕ್ಷಮಿಸಿ... ನೀವು ಯಾರು ಅಂತ ಗೊತ್ತಾಗ್ಲಿಲ್ಲ."

ಆಂಬುಲೆನ್ಸಿನವರು ಬಂದು ನೋಡಿದರು. ಜ್ವರವೇ ಇಲ್ಲ, ಮಂಪರು ಇಳಿದರೆ ಸರಿಹೋಗುತ್ತದೆ ಎಂದು ಹೋದರು.

ಸರಿಹೋಗಲಿಲ್ಲ. ಅವನಿಗೆ ತಾಯಿಯ ಹೆಸರು ನೆನಪಿತ್ತು. ಶಾಲೆಯ ದಾರಿ ನೆನಪಿತ್ತು. ಅಡುಗೆಮನೆಗೆ ಹಸಿರು ಬಣ್ಣ ಹೊಡೆದದ್ದೂ ನೆನಪಿತ್ತು. ಆ ದಿನ ತಾನೊಬ್ಬನೇ ಇದ್ದೆ ಎಂದ. ಮದುವೆಯ ಫೋಟೊ ತೋರಿಸಿದಾಗ, ಅದರಲ್ಲಿ ತನ್ನ ಪಕ್ಕದಲ್ಲಿದ್ದವಳನ್ನು ನೋಡಿ, ನಿಮ್ಮ ಹಾಗೇ ಇದ್ದಾರೆ ಎಂದು ಸೌಜನ್ಯದಿಂದ ಹೇಳಿದ.

ಕಾಯಿಲೆಯವನನ್ನು ನೋಡಿಕೊಳ್ಳಲು ಊರಿನವರು ಕಳಿಸಿದ ಹೆಂಗಸು ಎಂದು ಅವನು ತಿಳಿದುಕೊಂಡಿದ್ದ. ಅವಳು ತಿದ್ದುವುದನ್ನು ಬಿಟ್ಟಳು. ಒಂದು ಸಂಜೆ ಚಹಾ ಕುಡಿದು ಮುಗಿಸಿ ಅವನು ಕಿಟಕಿಯ ಕಡೆ ನೋಡಿದ.

"ಕತ್ತಲಾಗ್ತಾ ಬಂತು. ನನ್ನಿಂದ ನಿಮಗೆ ಬಹಳ ತೊಂದ್ರೆ ಆಯ್ತು. ನಿಮ್ಮ ಮನೇಲಿ ಕಾಯ್ತಿರ್ತಾರೆ, ಅಲ್ವಾ?"

"ಹೌದು," ಎಂದಳು ಹೆಸ್ಟರ್.

ಕಪ್ಪನ್ನು ತೊಳೆದಿಟ್ಟು ಕೋಟು ಹಾಕಿಕೊಂಡಳು. ಹೊರಗೆ ಬಂದು ಬಾಗಿಲೆಳೆದಳು. ಒಳಗಿನಿಂದ ಅವನು ಚಿಲಕ ಹಾಕಿಕೊಂಡ ಸದ್ದು ಕೇಳಿತು.