ಐದನೇ ಗ್ಲಾಸು

ಸಮಸ್ತ ಪ್ರವಾಸಿ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಆ ದಿನ ಉಗುಳಲು ಪರವಾನಗಿ ಇತ್ತು. ರುಚಿ ನೋಡಲು ಕೊಡುವ ವೈನನ್ನು ನುಂಗಲೇಬೇಕೆಂದಿಲ್ಲ, ಬಾಯಲ್ಲಿ ಆಡಿಸಿ ಮೇಜಿನ ಮೇಲಿನ ಬಕೆಟ್ಟಿಗೆ ಉಗುಳಬಹುದು ಎಂದು ಗೈಡ್ ಹುಡುಗಿ ಬೆಳಿಗ್ಗೆಯೇ ಘೋಷಿಸಿದ್ದಳು.

“ಇಷ್ಟು ದೂರ ವಿಮಾನ ಹತ್ತಿ ಬಂದು ಉಗುಳೋದಾ? ಮನೇಲಿ ದಿನಾ ಪುಕ್ಕಟೆ ಉಗಿಸ್ಕೋತೀನಿ,” ಎಂದ ಬ್ಯಾಂಕ್ ಮಾವ ಪಕ್ಕದವರ ಗ್ಲಾಸನ್ನೂ ಖಾಲಿ ಮಾಡಿದ್ದರು. ನಿವೃತ್ತ ಮ್ಯಾನೇಜರು. ಏನನ್ನೂ ಬಿಟ್ಟು ಅಭ್ಯಾಸವಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಗುಳುವ ವಿಷಯ ಎಲ್ಲರಿಗೂ ಮರೆತುಹೋಯಿತು. ಬಾರ್ ಹಿಂದಿನ ಗೂಡಿನಲ್ಲಿದ್ದ ಮೂರು ಹಳೇ ಬಾಟಲಿಗಳಲ್ಲಿ ನಡುವಿನದು ಮಾಯವಾಗಿತ್ತು.

ವೈನರಿಯ ಮಾಲೀಕ ತನ್ನ ಭಾಷೆಯಲ್ಲಿ ಕೂಗಾಡಿದ. ಗೈಡ್ ಹುಡುಗಿಯ ಮುಖ ಬಿಳಚಿಕೊಂಡಿತು.

“ಏನಂತೆ?” ಕೇಳಿದರು ಗುಂಪಿನಲ್ಲಿದ್ದ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರಮ್ಮ.

“ಅವರಪ್ಪ ಎತ್ತಿಟ್ಟ ಬಾಟ್ಲಿಯಂತೆ ಮೇಡಂ, ಮಾರೋದಲ್ಲ. ಎಲ್ಲರೂ ನೆಲಮಾಳಿಗೆ ನೋಡೋಕೆ ಇಳಿದಾಗ ಈ ರೂಮು ನೋಡ್ಕೋ ಅಂತ ನನಗೆ ಹೇಳಿದ್ದರು. ನಾನು ಹೊರಗೆ ಡ್ರೈವರ್ ಜೊತೆ ಫೋನಲ್ಲಿದ್ದೆ. ಈಗ ನಾನೇ ಕಳ್ಳಿ ಅಂತಾರೆ. ಪೊಲೀಸ್ ಕರೀತಾರಂತೆ. ಕಂಪನಿಗೆ ಗೊತ್ತಾದ್ರೆ ನನ್ನ ಕೆಲಸ ಹೋಯ್ತು.”

ಹಿಂದೆಲ್ಲ ಇಂಥ ಮಾತು ಬಿದ್ದರೆ ಇನ್ಸ್‌ಪೆಕ್ಟರಮ್ಮನ ಕಿವಿ ನೆಟ್ಟಗಾಗುತ್ತಿತ್ತು. ಈಗ ಏನೂ ಆಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರಿಗೆ ಏನೂ ಆಗುತ್ತಿರಲಿಲ್ಲ. ಅಳು ಬರಲಿಲ್ಲ. ನಾಲಿಗೆಯಂತೂ ಗಂಡನ ಹಿಂದೆಯೇ ಹೊರಟುಹೋಗಿತ್ತು. ಉಪ್ಪಿಗೂ ಸಕ್ಕರೆಗೂ ಒಂದೇ ಮುಖ. “ನಿನ್ನ ನಾಲಿಗೆ ವಾಪಸ್ ತರಿಸದಿದ್ರೆ ಕೇಳು,” ಎಂದು ಹಟ ಹಿಡಿದು ತಂಗಿಯೇ ಈ ಟೂರಿಗೆ ಎಳೆದು ತಂದಿದ್ದಳು. ಬೆಳಿಗ್ಗೆಯಿಂದ ನಾಲ್ಕು ಗ್ಲಾಸು. ಪ್ರತಿ ಸಲವೂ ತಂಗಿ ಆಸೆಯಿಂದ ಮುಖ ನೋಡುವಳು. ಪ್ರತಿ ಸಲವೂ ಅಕ್ಕ, “ಏನೂ ಗೊತ್ತಾಗ್ಲಿಲ್ಲ ಕಣೆ,” ಎನ್ನುವರು.

ಐದನೆಯದನ್ನು ಮಾಲೀಕ ಎಲ್ಲರ ಗ್ಲಾಸಿಗೂ ಹುಯ್ದು, ಸ್ವಲ್ಪ ಗಾಳಿಯಾಡಲಿ ಎಂದು ಮೇಜಿನ ಮೇಲೇ ಬಿಟ್ಟು, ಗುಂಪನ್ನು ನೆಲಮಾಳಿಗೆಗೆ ಕರೆದೊಯ್ದಿದ್ದ. ವಾಪಸ್ ಬಂದು ಕುಡಿದಾಗ ಬ್ಯಾಂಕ್ ಮಾವನ ಮುಖ ಕೂಡ ಹುಣಸೆಹಣ್ಣಾಯಿತು. “ಎಂಥಾ ಒಗರು!” ಎಂದರು. ಇನ್ಸ್‌ಪೆಕ್ಟರಮ್ಮ ಒಂದು ಗುಟುಕು ಕುಡಿದು, “ನೀರು,” ಎಂದರು.

ತಂಗಿ ಕಣ್ಣೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಾಲೀಕ ಕೂಗಿದ್ದು ಆಮೇಲೆ.

*

ಮೊದಲ ಅನುಮಾನ ಬ್ಯಾಂಕ್ ಮಾವನ ಮೇಲೆ. ಎದ್ದು ನಿಂತರೆ ಅವರ ಚೀಲ ಕಿಣಿಕಿಣಿ ಎನ್ನುತ್ತಿತ್ತು.

“ತೆಗೀರಿ.”

“ಇನ್ಸ್‌ಪೆಕ್ಟರಮ್ಮ, ಮರ್ಯಾದಸ್ಥರ ಚೀಲ ಇದು.”

ಚೀಲದಿಂದ ಹೋಟೆಲಿನ ಪುಟ್ಟ ಪುಟ್ಟ ಜಾಮ್ ಬಾಟಲಿಗಳು ಸಾಲಾಗಿ ಹೊರಬಂದವು. ಮೇಜು ತುಂಬಿತು.

“ಇದು ಕಳ್ಳತನ ಅಲ್ಲ, ಉಳಿತಾಯ,” ಎಂದರು ಮಾವ.

ಇನ್ಸ್‌ಪೆಕ್ಟರಮ್ಮ ಗೂಡಿನ ಹತ್ತಿರ ಹೋದರು. ಎಡಗಡೆಯ ಬಾಟಲಿಯ ಕತ್ತಿಗೆ ಚಿನ್ನದ ಬಣ್ಣದ ಮೊಹರು. ಬಲಗಡೆಯದರ ಮೈಮೇಲೆ ಬೆರಳು ದಪ್ಪ ಧೂಳು. ನಡುವೆ, ಧೂಳಿಲ್ಲದ ಒಂದು ದುಂಡು ಗುರುತು.

“ಬೆಲೆ ಬಾಳೋದು ಬೇಕಿದ್ರೆ ಎಡಗಡೆದು ಎತ್ತಬೇಕಿತ್ತು. ಹಳೇದು ಬೇಕಿದ್ರೆ ಬಲಗಡೆದು.”

“ಮತ್ತೆ ನಡುವಿಂದು ಯಾಕೆ ಮೇಡಂ?”

ದುಂಡು ಗುರುತಿನ ಮುಂದೆ ಪುಟ್ಟ ಕಾರ್ಡು ಹಾಗೇ ನಿಂತಿತ್ತು. 1983. ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಂಗಿಯ ಕಡೆ ತಿರುಗಿದರು.

“ನನ್ನ ಶಾಲು ಎಲ್ಲೆ?”

“ಬ್ಯಾಗಲ್ಲಿದೆ ಅಕ್ಕ.”

“ಕೆಳಗೆ ನೆಲಮಾಳಿಗೇಲಿ, ಅಕ್ಕಂಗೆ ಚಳಿ, ಶಾಲು ತರ್ತೀನಿ ಅಂತ ನೀನೊಬ್ಬಳೇ ಮೇಲೆ ಬಂದೆ. ತಂದು ಕೊಡಲೇ ಇಲ್ಲ.”

“ಮರೆತೆ.”

“ನಾನೂ ಕೇಳಲಿಲ್ಲ. ನನಗೀಗ ಚಳಿನೂ ಗೊತ್ತಾಗಲ್ಲ ನೋಡು.”

ಗೈಡ್ ಹುಡುಗಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ಇನ್ಸ್‌ಪೆಕ್ಟರಮ್ಮ ಬಾಯಿ ಮುಚ್ಚಿಕೊಂಡರೆ ತಂಗಿ ಉಳಿಯುತ್ತಾಳೆ, ಹುಡುಗಿ ಹೋಗುತ್ತಾಳೆ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ.

“ಬಿಚ್ಚು,” ಎಂದರು.

*

ಶಾಲಿನ ಸುರುಳಿಯೊಳಗೆ ಬಾಟಲಿ ಇತ್ತು. ಕಾರ್ಕ್ ತೆಗೆದಾಗಿತ್ತು. ಒಂದು ಗ್ಲಾಸಿನಷ್ಟು ಕಡಿಮೆ.

“ಅದು ನನ್ನ ಮದುವೆ ವರ್ಷ,” ಎಂದರು ಇನ್ಸ್‌ಪೆಕ್ಟರಮ್ಮ ಎಲ್ಲರಿಗೂ. “ಈ ರೂಮಲ್ಲಿ ಆ ಮದುವೆ ಊಟ ಮಾಡಿದವರು ಇಬ್ಬರೇ. ಒಬ್ಬಳು ಮದುಮಗಳು. ಇನ್ನೊಬ್ಬಳು ಒಂದು ಫೋಟೋನೂ ಬಿಡದೆ ಮದುಮಗನ ಪಕ್ಕ ನಿಂತು ಹಲ್ಲು ಕಿರಿದವಳು.”

ತಂಗಿ ತಲೆ ಎತ್ತಲಿಲ್ಲ. “ನಿನ್ನ ಗ್ಲಾಸಲ್ಲಿದ್ದಿದ್ದನ್ನ ಬಕೆಟ್ಟಿಗೆ ಚೆಲ್ಲಿ ಇದನ್ನ ಹುಯ್ದೆ. ಭಾವ ಮನೆಗೆ ಬಂದ ವರ್ಷದ್ದು. ಇದಾದ್ರೂ ನಾಲಿಗೆಗೆ ಹತ್ತುತ್ತೇನೋ ಅಂದ್ಕೊಂಡೆ. ನೀನು ನೀರು ಅಂದ್ಬಿಟ್ಟೆ.”

ಮಾಲೀಕ ಫೋನು ಕೈಗೆತ್ತಿಕೊಂಡ.

“ಕರೀಲಿ,” ಎಂದರು ಇನ್ಸ್‌ಪೆಕ್ಟರಮ್ಮ. “ಆದ್ರೆ ಅವನಿಗೆ ಒಂದು ಮಾತು ಹೇಳು. ಬಾಯಿ ತೆರೆದ ಬಾಟ್ಲಿ. ಒಳಗಿರೋದನ್ನ ಸೀಲ್ ಮಾಡಿ ಲ್ಯಾಬಿಗೆ ಕಳಿಸ್ತಾರೆ. ಏನು ಕಳುವಾಯ್ತು ಅಂತ ರಿಪೋರ್ಟ್ ಬರದೆ ಕೇಸ್ ನಿಲ್ಲಲ್ಲ.”

ಹುಡುಗಿ ಹೇಳಿದಳು. ‘ಲ್ಯಾಬ್’ ಎಂಬುದಕ್ಕೆ ಅನುವಾದ ಬೇಕಾಗಲಿಲ್ಲ. ಮಾಲೀಕ ಫೋನು ಕೆಳಗಿಟ್ಟ. ತಗ್ಗಿದ ದನಿಯಲ್ಲಿ ಏನೋ ಗೊಣಗಿದ.

“ಅಸಲಿ ಬಾಟ್ಲಿ ಅವರಪ್ಪನ ಕೈಲೇ ಒಡೆದುಹೋಗಿತ್ತಂತೆ ಮೇಡಂ. ನೋಡೋಕೆ ಬರೋರಿಗೆ ನಿರಾಸೆ ಆಗಬಾರದು ಅಂತ...”

“ಅಂತ?”

“ಅಂಥದ್ದೇ ಖಾಲಿ ಬಾಟ್ಲಿಗೆ ಬಣ್ಣದ ನೀರು ತುಂಬಿಸಿಟ್ಟಿದ್ದಾರಂತೆ.”

“ಕಳ್ಳಿ ಸಿಕ್ಕಳು, ಮಾಲೇ ಇಲ್ಲ,” ಎಂದು ಬ್ಯಾಂಕ್ ಮಾವ ಜಾಮ್ ಬಾಟಲಿಗಳನ್ನು ಮೆಲ್ಲಗೆ ಚೀಲಕ್ಕೆ ಇಳಿಸತೊಡಗಿದರು. ವೈನ್ ಕದ್ದರೆಂದು ದೂರು ಕೊಡಲು ವೈನ್ ಬೇಕಲ್ಲ.

ತಂಗಿ ಅಳುತ್ತಲೇ ನಕ್ಕಳು. “ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲಕ್ಕ.”

ಇನ್ಸ್‌ಪೆಕ್ಟರಮ್ಮ ನಾಲ್ಕು ಗ್ಲಾಸಿಗೆ ‘ಏನೂ ಗೊತ್ತಾಗ್ಲಿಲ್ಲ’ ಎಂದಿದ್ದರು. ಐದನೆಯದಕ್ಕೆ ಹಾಗೆ ಅಂದಿರಲಿಲ್ಲ. ಎಷ್ಟೋ ಸಾಕ್ಷಿಗಳ ಹೇಳಿಕೆ ಪಡೆದವರು. ತಮ್ಮದೇ ಹೇಳಿಕೆಯನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು.

“ಆ ಒಗರು ಅಂದ್ರಲ್ಲ, ಅದನ್ನ ಒಂದಿಷ್ಟು ಹಾಕೋಕೆ ಹೇಳು,” ಎಂದರು.

ಮಾಲೀಕ ಗೋಡೆಯ ಮೇಲಿನ ಬೋರ್ಡು ತೋರಿಸಿದ.

“ಒಂದು ಟಿಕೆಟ್ಟಿಗೆ ಐದೇ ಗ್ಲಾಸಂತೆ ಮೇಡಂ. ನಿಮ್ಮದು ಐದೂ ಆಯ್ತಂತೆ.”

“ನಾಲ್ಕು ಅಂತ ಹೇಳು,” ಎಂದು ಇನ್ಸ್‌ಪೆಕ್ಟರಮ್ಮ ಖಾಲಿ ಗ್ಲಾಸನ್ನು ಮುಂದೆ ಸರಿಸಿದರು. “ಐದನೇದು ನೀರು. ಸಾಕ್ಷಿ ನಾನೇ.”