ಬಡಿದು ನೋಡಿದ ರೂಪಾಯಿ

“ಮಿಕ್ಕಿದ್ದೆಲ್ಲಾನೂ ಬಡಿದು ನೋಡ್ಕೊಳಪ್ಪ, ಬ್ಯಾಡ ಅನ್ನಲ್ಲ. ಬಟ್ಟೆ ಸುತ್ತಿರೋದನ್ನ ಮಾತ್ರ ಬಡೀಬ್ಯಾಡ. ಅದು ಮಾರಾಕಿಲ್ಲ,” ಎಂದಳು ಅಂಜನಮ್ಮ.

ಅಶ್ವತ್ಥ್ ನಕ್ಕ. ಹಳೆಯ ಬೆಳ್ಳಿ ನಾಣ್ಯ ಕೊಂಡು ಮಾರುವುದು ಅವನ ಕಸುಬು. ರಾಣೆಬೆನ್ನೂರಿನಿಂದ ಬಂದು ಯಶವಂತಪುರದಲ್ಲಿ ಕೋಣೆ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಖೋಟಾ ಮಾಲು ಇವನ ಕಣ್ಣು ತಪ್ಪಿಸಲಾರದು ಎಂಬ ಹೆಸರು ಬಂದಿತ್ತು. ಮಾರುವವರು ಹೇಳುವ ಕತೆಗೆ ಅವನು ಕಿವಿ ಕೊಡುತ್ತಿರಲಿಲ್ಲ. ಎಲ್ಲರ ನಾಣ್ಯವೂ ಅಜ್ಜಿಯ ಪೆಟ್ಟಿಗೆಯಲ್ಲೇ ಸಿಕ್ಕಿರುತ್ತದೆ.

ಚಿಕ್ಕಜಾಲದ ಹೆದ್ದಾರಿಯಿಂದ ಒಳಕ್ಕಿದ್ದ ಅಂಜನಮ್ಮನ ಹೆಂಚಿನ ಮನೆಯಲ್ಲಿ ಮಧ್ಯಾಹ್ನವೇ ಕತ್ತಲು. ಹಳೆ ಗೋಣಿಯ, ಒಣಗಿದ ಬೇವಿನ ವಾಸನೆ. ನೆತ್ತಿಯ ಮೇಲೆ ವಿಮಾನ ಹಾದಾಗಲೆಲ್ಲ ಹಲಗೆಯ ಮೇಲಿನ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಅವಳು ತಗಡಿನ ಡಬ್ಬಿಯಿಂದ ಸುರಿದ ರಾಣಿ ಮುಖದ ರೂಪಾಯಿಗಳನ್ನು ಅವನು ಒಂದೊಂದಾಗಿ ಎತ್ತಿಕೊಂಡ. ಅಯಸ್ಕಾಂತ ಹಿಡಿದ. ಮೂಸಿದ. ಮದ್ದು ಹಚ್ಚಿ ಕಪ್ಪೇರಿಸಿದ್ದಾದರೆ ಕೊಳೆತ ಮೊಟ್ಟೆಯ ನಾತ ಉಳಿದಿರುತ್ತದೆ. ಅಂಚಿನ ಸುತ್ತ ಉಗುರು ಆಡಿಸಿದ. ಎರಕ ಹೊಯ್ದದ್ದಾದರೆ ಅಲ್ಲೊಂದು ಸಣ್ಣ ಗೆರೆ ತಾಗುತ್ತದೆ. ಕೊನೆಗೆ ಬೆರಳ ತುದಿಯ ಮೇಲೆ ಇಟ್ಟು, ಇನ್ನೊಂದು ನಾಣ್ಯದಿಂದ ಬಡಿದು, ಕಿವಿಗೆ ಹಿಡಿದ. ಬೆಳ್ಳಿಯ ದನಿ ಗಂಟೆಯ ಹಾಗೆ ಎಳೆಯುತ್ತದೆ. ಸೀಸ ಬೆರೆತದ್ದು ದಬ್ ಎಂದು ಅಲ್ಲೇ ಸಾಯುತ್ತದೆ.

ಉಳಿದದ್ದು ಕರಿಬಟ್ಟೆಯ ಗಂಟೊಂದೇ. ಅದನ್ನು ಯಾಕೆ ಬಡಿಯಬಾರದೆಂದು ಅವನು ಕೆಣಕಿದ. ಹಿಂದೆ ಯಾವನೋ ವ್ಯಾಪಾರಿ ಒಬ್ಬ ವಿಧವೆಗೆ ಸೀಸದ ರೂಪಾಯಿ ಕೊಟ್ಟು ಮೋಸ ಮಾಡಿದನಂತೆ. ಸಂತೆಯವರೆಲ್ಲ ಬಡಿದು ನೋಡಿ ಅವಳ ಮುಖದ ಮೇಲೆ ಎಸೆದರಂತೆ. ಅವಳು ತನ್ನಲ್ಲುಳಿದ ಒಂದೇ ಒಂದು ಬೆಳ್ಳಿ ರೂಪಾಯಿಗೆ ಸುಡುಗಾಡಿನಲ್ಲಿ ಮಾಟ ಮಾಡಿಸಿದಳಂತೆ. ಇದನ್ನು ಬಡಿದವನನ್ನು ಇದೂ ಬಡಿದು ನೋಡಲಿ ಎಂದು.

“ನಮ್ಮ ಮಾವ ಬಡಿದ್ರು. ಆಮ್ಯಾಕೆ ಬೀದೀಲಿ ನಿಂತು ಕೂಗಿದ್ರೆ ನಮ್ಮತ್ತೆ ಒಳಗಿಂದ ಬಂದೆ ಅಂತಿದ್ಲು. ಬಾಗ್ಲು ತೆಗೆದು ಮುಖ ನೋಡಿದ್ರೆ ಕಿರುಚ್ಕೊಂಡು ಮತ್ತೆ ಬಾಗ್ಲು ಆಕ್ಕೊಳೋಳು. ಅವರು ಸಾಯೋಗಂಟ ಇಂಗೇ.”

“ಖೋಟಾ ಅಂತ ಗೊತ್ತಾಗ್ಬಿಡುತ್ತೆ ಅಂತ ಕತೆ ಕಟ್ತೀರಲ್ಲ, ಅಜ್ಜಿ.”

ಅವಳು ಅವನಿಗೆ ನೀರು ತರಲು ಎದ್ದಳು. ಅವನು ದಾರ ಬಿಚ್ಚಿದ. ಮಸಿಯಂಥ ಕಪ್ಪು ನಾಣ್ಯ, ತಣ್ಣಗಿತ್ತು. ಬಡಿದ.

ಅಂಥ ದನಿಯನ್ನು ಅವನು ಕೇಳಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ಕಿವಿಯೊಳಗೆ ನೂಲು ಪೋಣಿಸಿದ ಹಾಗೆ. ಬಾಗಿಲಲ್ಲಿ ಅಂಜನಮ್ಮನ ಕೈಯಿಂದ ಚೊಂಬು ಬಿತ್ತು. ಅವಳು ಅವನ ಮುಖ ನೋಡಲಿಲ್ಲ. ಸೆರಗಿನಲ್ಲಿ ನಾಣ್ಯ ಎತ್ತಿ ಸುತ್ತಿದಳು.

“ನಿನ್ನೋರು ಯಾರಾನ ಇದ್ರೆ ಕತ್ಲಾಗೋದ್ರೊಳಗೆ ಓಗಿ ಮುಖ ತೋರಿಸ್ಬಿಡಪ್ಪ.”

ಅವನವರು ಎಂದರೆ ಅಕ್ಕ ರತ್ನವ್ವ ಒಬ್ಬಳೇ. ತಾಯಿ ಸತ್ತ ಮೇಲೆ ಸಾಕಿದವಳು. ಊರಿಗೆ ಹೋದಾಗಲೆಲ್ಲ ಅವನ ಎರಡೂ ಕೆನ್ನೆ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ನೆಟಿಕೆ ಮುರಿಯುವಳು. ಹತ್ತೂ ಬೆರಳು ಪಟಪಟನೆ ಸಿಡಿಯುತ್ತಿದ್ದವು. ಈ ಊರಿನಲ್ಲಿ ಅವನ ಮುಖ ಮುಟ್ಟುವವರು ಯಾರೂ ಇರಲಿಲ್ಲ. ಅವಳು ಮಾರನೆಯ ಬೆಳಿಗ್ಗೆ ರೈಲಿಗೆ ಬರುವವಳಿದ್ದಳು, ತಮ್ಮನ ಕೋಣೆ ನೋಡಲು, ಮೊದಲ ಸಲ. ಅವನು ನಗುತ್ತಲೇ ಬಸ್ಸು ಹತ್ತಿದ.

ಹೆಬ್ಬಾಳದ ಮೇಲ್ಸೇತುವೆಯ ಗದ್ದಲದಲ್ಲೂ ನಾಣ್ಯದ ಆ ದನಿ ಕಿವಿಯಲ್ಲಿ ನಿಂತಿರಲಿಲ್ಲ. ಕೋಣೆ ಸೇರುವಾಗ ಮುಸ್ಸಂಜೆ. ಅಕ್ಕನಿಗೆಂದು ಕೊಂಡಿದ್ದ ಹೊಸ ಹೊದಿಕೆಯನ್ನು ಮಂಚದ ಮೇಲೆ ಹಾಸುತ್ತಿದ್ದಾಗ ಕರೆಂಟು ಹೋಯಿತು.

ದನಿ ನಿಂತಿತು.

ಬೇವಿನ ಹೊಗೆ. ಸುಟ್ಟ ಲೋಹದ ನಾತ. ಯಾರೋ ಅವನನ್ನು ಮೂಸಿದರು. ಕುತ್ತಿಗೆಯ ಸುತ್ತ ಒಂದು ಉಗುರು ಹರಿದಾಡಿತು. ನಿಧಾನವಾಗಿ. ಗೆರೆ ಹುಡುಕುವ ಹಾಗೆ. ಹಣೆಗೆ ತಣ್ಣನೆಯ ಬೆರಳೊಂದು ಬಡಿಯಿತು. ದಬ್. ಕಿವಿಯೊಂದು ಅವನ ಬಾಯಿಯ ಹತ್ತಿರಕ್ಕೆ ಬಂತು. ಕಾಯಿತು. ಮತ್ತೆ ಬಡಿಯಿತು. ದಬ್. ನಿಟ್ಟುಸಿರು. ಆಮೇಲೆ ಏನೂ ಇಲ್ಲ.

ಕರೆಂಟು ಬಂತು. ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಬೆಳಿಗ್ಗೆ ಫೋನಿನ ಲಾಕು ಅವನ ಹೆಬ್ಬೆರಳನ್ನು ಒಪ್ಪಲಿಲ್ಲ. ಬೆವರಿರಬೇಕು ಎಂದುಕೊಂಡ. ದಿನವೂ ಬನ್ನು ತಿನ್ನಿಸುವ ಬೀದಿನಾಯಿ ಬಾಲ ಮುದುರಿ, ಹಲ್ಲು ಕಿರಿದು, ಹಿಂದಕ್ಕೆ ಸರಿಯಿತು. ಆಗ ಅವನು ಓಡತೊಡಗಿದ.

ಯಶವಂತಪುರದ ಪ್ಲಾಟ್‌ಫಾರಂನಲ್ಲಿ ರೈಲು ಖಾಲಿಯಾಗಿತ್ತು. ರತ್ನವ್ವ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. “ಅಕ್ಕಾ” ಎಂದು ಹಿಂದಿನಿಂದ ಕೂಗಿದ. ಅವಳ ಮುಖ ಅರಳಿತು. ತಿರುಗಿದಳು. ಅರಳಿದ್ದು ಅರ್ಧಕ್ಕೇ ನಿಂತಿತು. ಆದರೂ ಕೈ ಚಾಚಿ ಅವನ ಕೆನ್ನೆ ಸವರಿದಳು, ಬೆರಳು ಮಡಚಿ ಕಣತಲೆಗೆ ಒತ್ತಿದಳು.

ಒಂದು ಬೆರಳೂ ಸಿಡಿಯಲಿಲ್ಲ.

ಇನ್ನೊಮ್ಮೆ ಸವರಿದಳು. ಒತ್ತಿದಳು. ಹತ್ತಿಯ ಮೇಲೆ ಒತ್ತಿದ ಹಾಗೆ. ಅವಳು ತನ್ನ ಕೈಗಳನ್ನು ಸೀರೆಗೆ ಒರೆಸಿಕೊಂಡಳು. ದೂರ ಸರಿದಳು.

“ನೀವ್ಯಾರ್ರೀ? ನನ್ನ ತಮ್ಮನ ಅಂಗಿ ನಿಮಗೆಲ್ಲಿ ಸಿಕ್ತು?”

ಅವನು ತಾಯಿಯ ಹೆಸರು ಹೇಳಿದ. ಮನೆಯ ಹಿಂದಿನ ಬಾವಿ, ಅಲ್ಲಿ ತಾನು ಬಿದ್ದದ್ದು, ಅವಳು ಎತ್ತಿದ್ದು ಹೇಳಿದ. ಹೇಳಿದಷ್ಟೂ ಅವಳ ಕಣ್ಣಲ್ಲಿ ಹೆದರಿಕೆ ಏರಿತು. ಜನ ನೋಡತೊಡಗಿದರು. ಅವನು ಹಿಂದೆ ಹಿಂದೆ ನಡೆದು ಕಂಬವೊಂದರ ಮರೆಗೆ ನಿಂತ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಂಬದ ಆಚೆ ರತ್ನವ್ವ ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿ ಹಿಡಿದಿದ್ದಳು.

“ಎಲ್ಲಿದ್ದೀಯೋ ತಮ್ಮಾ? ಯಾವನೋ ನಿನ್ನಂಗ ಕಾಣಾಂವ ಬಂದಿದ್ದ. ನನಗ ಅಂಜಿಕಿ ಆಗಾಕತ್ತೈತಿ. ಲಗೂ ಬಾ.”

“ಬಂದೆ ಅಕ್ಕಾ,” ಎಂದ ಅಶ್ವತ್ಥ್. “ದಾರ್ಯಾಗ ಅದೀನಿ. ಅಲ್ಲೇ ಕೂತಿರು.”

ಅವಳ ಉಸಿರು ಹಗುರಾದದ್ದು ಅವನಿಗೆ ಫೋನಿನಲ್ಲೂ ಕೇಳಿತು, ಕಂಬದಾಚೆಯಿಂದಲೂ ಕೇಳಿತು. ಅವಳು ಗಂಟನ್ನು ಸರಿಯಾಗಿ ಇಟ್ಟುಕೊಂಡು, ಬರುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ಅವನು ಕಂಬಕ್ಕೆ ಇನ್ನಷ್ಟು ಒತ್ತಿ ನಿಂತ, ಅವಳಿಗೆ ಕಾಣದ ಹಾಗೆ.