ಸೊಟ್ಟ ಪಾನಾ

"ಜಲ್ದಿ ಮಾಡ್ರಿ" ಅಂದಳು. ಅಕಿ ನನಗೆ ಆಡಿದ ಮೊದಲ ಮಾತು ಅದು.

ಜಲ್ದಿ ಅನ್ನೋ ಮಂದಿ ಕಂಡ್ರೆ ನನಗೆ ಮೈಯೆಲ್ಲ ಉರೀತದೆ. ಹಾಳಾಗೋ ತನಕ ಗಾಡಿ ಓಡಿಸ್ತಾರೆ, ಆಮೇಲೆ ನಮ್ಮ ತಲೆ ಮೇಲೆ ಬಂದು ನಿಲ್ತಾರೆ. ಬೈಯೋಣ ಅಂತ ತಲೆ ಎತ್ತಿದೆ. ನಮ್ಮ ಗ್ಯಾರೇಜ್ ಶೆಡ್ಡಿನ ಮುಂದೆ ಬಿಳಿ ಓಮ್ನಿ ವ್ಯಾನು. ಒಳಗೆ ಸೂರಿನ ತನಕ ಜೀನ್ಸ್ ಪ್ಯಾಂಟಿನ ಕಟ್ಟು. ಬಾಗಿಲಿಗೆ ಒರಗಿ ನಿಂತ ಅಕಿಯ ಬೆರಳಿಗೆಲ್ಲ ಜೀನ್ಸಿನ ನೀಲಿ. ಮೂಗಿನ ತುದಿಯಲ್ಲಿ ಒಂದು ಹನಿ ಬೆವರು, ಬೀಳಲೋ ಬೇಡವೋ ಅನ್ನೋ ಹಂಗೆ.

ಬೈಗುಳ ಬಾಯಲ್ಲೇ ಉಳೀತು.

"ಏನಾಗೈತಿ?"

"ಬ್ಯಾಟರಿ ಲೈಟ್ ಹತ್ಕೊಂಡೈತಿ. ಕುರುಗೋಡಿಂದ ಹಂಗ ಓಡಿಸ್ಕೊಂಡು ಬಂದೆ."

"ಬಂದು ನನಗ ಜಲ್ದಿ ಅಂತೀರಿ."

"ಮತ್ಯಾರಿಗೆ ಅನ್ಲಿ? ಬ್ಯಾಟರಿಗೆ ಅನ್ಲಾ?"

ಓಮ್ನಿ ಇಂಜಿನ್ ಇರೋದು ಸೀಟಿನ ಕೆಳಗೆ. ಸೀಟು ಎತ್ತಿದ್ರೆ ಕೋಳಿಗೂಡಿನಷ್ಟು ಜಾಗ. ಬ್ಯಾಟರಿಗೆ ಕರೆಂಟ್ ತುಂಬೋ ಆಲ್ಟರ್ನೇಟರಿನ ಬೆಲ್ಟ್ ಸಡಿಲ ಆಗಿತ್ತು. ಅದನ್ನ ಬಿಗಿ ಮಾಡಬೇಕಂದ್ರೆ ಆಲ್ಟರ್ನೇಟರ್ ಕೆಳಗಿನ ಬೋಲ್ಟ್ ಸಡಿಲ ಮಾಡಬೇಕು. ಅದು ಕಣ್ಣಿಗೆ ಕಾಣಲ್ಲ. ಪಾನಾ, ಅಂದ್ರೆ ಸ್ಪ್ಯಾನರ್, ಒಳಗೆ ಹೋದ್ರೂ ತಿರುಗಾಕ ಜಾಗ ಇರಲ್ಲ. ಅದಕ್ಕೇ ಒಂದು ರಿಂಗ್ ಪಾನಾವನ್ನ ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಕುತ್ತಿಗೆ ಬಗ್ಗಿಸಿ, ಮೂತಿ ತೆಳ್ಳಗೆ ಉಜ್ಜಿ ಇಟ್ಟುಕೊಂಡೀನಿ. ಜೊತೆಗೆ ಹೆಬ್ಬೆರಳುದ್ದದ ಒಂದು ಸ್ಕ್ರೂಡ್ರೈವರ್, ಅಂಗೈಯಲ್ಲಿ ಅಡಗೋ ಸಣ್ಣ ರ್ಯಾಚೆಟ್. ಮನಿ ಕೇಳಿದ್ರೂ ಕೊಟ್ಟೇನು, ಇವನ್ನ ಯಾರಿಗೂ ಕೊಡಲ್ಲ.

ಅಕಿ ಮೊಬೈಲ್ ಟಾರ್ಚ್ ಹಿಡಿದಳು.

"ಇದೇನ್ರಿ, ಪಾನಾದ ಕುತ್ತಿಗಿ ಸೊಟ್ಟ ಆಗೈತಿ?"

"ಸಂದ್ಯಾಗ ಹೋಗಾಕ ಬಗ್ಗಬೇಕಾಗ್ತೈತಿ."

"ನೀವು ಬಗ್ಗೋ ಮನುಷ್ಯಾರು ಅನ್ನಿಸಲ್ಲ."

"ನಾ ಬಗ್ಗಲ್ಲ. ಅದಕ್ಕ ಪಾನಾ ಬಗ್ಗಿಸೀನಿ."

ನಕ್ಕಳು. ಬೆಳಕು ಅಲ್ಲಾಡಿ ನನ್ನ ಮುಖದ ಮೇಲೆ ನಿಂತಿತು.

"ಬೋಲ್ಟ್ ಅಲ್ಲೈತ್ರಿ" ಅಂದೆ.

"ಗೊತ್ತೈತಿ." ಬೆಳಕು ಮಾತ್ರ ಕದಲಲಿಲ್ಲ.

ಹೆಸರು ಸುಮಂಗಲಾ. ಬಳ್ಳಾರಿಯಲ್ಲಿ ಕತ್ತರಿಸಿದ ಬಟ್ಟೆ ಕುರುಗೋಡಿಗೆ ಒಯ್ದು, ಹೆಂಗಸರ ಹತ್ರ ಹೊಲಿಸಿ ತರ್ತಿದ್ದಳು. ಆಮೇಲೆ ಪದೇ ಪದೇ ಬಂದಳು. "ಏನೋ ಸೌಂಡ್ ಬರ್ತೈತಿ" ಅಂತಿದ್ದಳು. ಸೌಂಡೇ ಇರ್ತಿರಲಿಲ್ಲ. ಇಲ್ಲದ ಸೌಂಡ್ ಕೇಳಿಸ್ಕೊಳ್ಳಾಕ ಇಬ್ಬರೂ ಇಂಜಿನ್ ಮೇಲೆ ಬಗ್ಗಿ, ತಲೆಗೆ ತಲೆ ತಾಗೋ ತನಕ ಸುಮ್ಮನೆ ಇರ್ತಿದ್ವಿ. ಅಕಿ ಕೂದಲಿಗೆ ಕೊಬ್ಬರಿ ಎಣ್ಣೆ ವಾಸನೆ, ನನ್ನ ಕೈಗೆ ಗ್ರೀಸ್ ವಾಸನೆ.

ನಮ್ಮ ಶೆಡ್ಡಿನ ಜಡೆಪ್ಪ ಮೇಸ್ತ್ರಿಯದು ಒಂದೇ ಕಟ್ಟಳೆ. ಇಂಜಿನ್ ಒಳಗೆ ಕೈ ಹಾಕೋ ಮುಂಚೆ ಗಾಡಿ ಕೀ ಉಡದಾರಕ್ಕೆ ಕಟ್ಕೋಬೇಕು. ಯಾರೂ ತಪ್ಪಿ ಸ್ಟಾರ್ಟ್ ಮಾಡಬಾರದು ಅಂತ. ಅದನ್ನ ನೋಡಿ ಸುಮಂಗಲಾ ಬಿದ್ದು ಬಿದ್ದು ನಕ್ಕಳು.

"ಹಸುಗೂಸಿನಂಗ ಕಾಣ್ತೀರಿ. ಕೊಡ್ರಿ ಇಲ್ಲಿ, ನಾ ಹಿಡ್ಕೊಂಡಿರ್ತೀನಿ."

ಕೊಟ್ಟೆ. ಆವತ್ತಿಂದ ಅಕಿ ಗಾಡಿ ಬಂದಾಗೆಲ್ಲ ಕೀ ಅಕಿ ಮುಷ್ಟಿಯಲ್ಲಿ. ಹುಡುಗಿಗೆ ಜೀವ ಕೊಡ್ತೀನಿ ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರೆ. ನಾನು ಕೈಯಲ್ಲಿ ಕೊಟ್ಟಿದ್ದೆ.

ಒಂದು ಸಲ ಅಕಿ ಅಣ್ಣನೂ ಬಂದ. ಚಂದ್ರಣ್ಣ. ಇಸ್ತ್ರಿ ಮಾಡಿದ ಅಂಗಿ, ಮುಖ ತುಂಬ ನಗು. ಬೆಲ್ಟ್ ಮತ್ತೆ ಸಡಿಲ ಆಗಿತ್ತು. ನಾನು ಭುಜದ ತನಕ ಒಳಗೆ ಇಳಿದಿದ್ದೆ.

"ನಿಮ್ಮದು ಯಾವೂರ್ರಿ ಹುಲುಗೇಶ್?"

"ತೆಕ್ಕಲಕೋಟಿ."

"ತೆಕ್ಕಲಕೋಟ್ಯಾಗ ಎಲ್ಲಿ?"

ಇದು ಊರು ಕೇಳೋ ಪ್ರಶ್ನೆ ಅಲ್ಲ. ಸಾಲಿ ಬಿಟ್ಟವನಿಗೂ ಇಷ್ಟು ತಿಳೀತದೆ.

"ಕೇರಿಯಾಗ. ಸುತ್ತಿ ಬಳಸಿ ಯಾಕ? ಜಾತಿ ಯಾವುದು ಅಂತ ಕೇಳ್ರಿ."

"ಇರ್ಲಿ ಬಿಡಲೇ. ಕೆಲಸ ಮಾಡು."

ರೀ ಹೋಗಿ ಲೇ ಬಂತು. ನಗು ಹಂಗೇ ಇತ್ತು. ಡ್ರೈವರ್ ಬಾಗಿಲಿಗೆ ಹೋಗಿ ತಂಗಿ ಕಡೆ ಕೈ ಚಾಚಿದ.

"ಸುಮಾ, ಕೀ."

ಕೊಟ್ಟಳು. ಅಣ್ಣ ಕೈ ಚಾಚಿದ್ರೆ ಕೊಡೋದು, ಅಷ್ಟೇ ಆ ಮನೆಯಲ್ಲಿ ಅಕಿ ಕಲಿತಿದ್ದು. ಕೊಟ್ಟ ಮೇಲೆ ಅಕಿಗೆ ಹೊಳೀತು.

"ಅಣ್ಣಾ! ಕೈ ಐತಿ ಒಳಗ!"

ಅವನು ನನ್ನ ನೋಡಿದ. ನೋಡ್ತಾನೇ ತಿರುವಿದ.

ಬಲಗೈಯ ಎರಡು ಬೆರಳು ಬೆಲ್ಟು ಪುಲ್ಲಿ ನಡುವೆ ಹೋದವು. ಡಾಕ್ಟ್ರು ಉಳಿದದ್ದನ್ನ ಕತ್ತರಿಸಿದ್ರು. "ನೋಡಲಿಲ್ಲಪ್ಪ, ಪಾಪ" ಅಂತ ಚಂದ್ರಣ್ಣ ಮಂದಿ ಮುಂದೆ ಹೇಳಿದ. ಮಂದಿ ನಂಬಿದ್ರು. ನಂಬಾಕ ಅವರಿಗೆ ಅದೇ ಚಲೋ ಇತ್ತು.

ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದು ಕೂತೆ. ಪಾನಾ ಹಿಡಿಯಾಕ ಬರಲಿಲ್ಲ. ಅದನ್ನ ಗೋಡೆಗೆ ಎಸೆದೆ. ಜಡೆಪ್ಪ ಮೇಸ್ತ್ರಿ ಅದನ್ನ ಎತ್ತಿ ತಂದು ನನ್ನ ಪಕ್ಕ ಇಟ್ರು. ಅದಕ್ಕೂ ಸಿಟ್ಟು ಬಂತು.

ಸುಡು ಮಧ್ಯಾಹ್ನ ಸುಮಂಗಲಾ ಬಂದಳು. ನಡಕೊಂಡು.

"ಯಾಕ್ ಬಂದಿ?"

"ಸ್ಟೇಷನ್ನಿಗೆ ಹೋಗಿದ್ದೆ. ನಾ ಕೂಗಿದ ಮ್ಯಾಲೇ ಅಣ್ಣ ಕೀ ತಿರುವಿದ ಅಂತ ಹೇಳಿ, ಸಹಿ ಮಾಡಿ ಬಂದೆ."

"ಅವನ ಕೈಗೆ ಕೀ ಕೊಟ್ಟಾಕಿ ಯಾರು?"

"ನಾನ. ಅದನ್ನೂ ಬರೆಸೀನಿ." ಪಟ್ಟಿ ಕಡೆ ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. "ಇನ್ನ ನಾ ಮನಿಗೆ ಹೋಗಂಗಿಲ್ಲ."

"ನನ್ನ ಹತ್ರ ಬಂದ್ರ ನಾ ಏನ್ ಮಾಡ್ಲಿ? ನಿನ್ನ ಮ್ಯಾಲೂ ನನಗ ಸಿಟ್ಟೈತಿ."

"ಇರ್ಲಿ. ಸಿಟ್ಟು ಮಾಡೋರ ಜೋಡಿ ಬದುಕಬೌದು. ನಗನಗತಾ ಕೀ ತಿರುವೋರ ಜೋಡಿ ಆಗಂಗಿಲ್ಲ."

ಹೋಗು ಅನ್ನಬೇಕು ಅಂತ ಬಾಯಿ ತೆರೆದೆ. ಬಂದ ಮಾತು ಬೇರೆ.

"ನಮ್ಮವ್ವ ಸಾರಿಗೆ ಖಾರ ಭಾಳ ಹಾಕ್ತಾಳ."

"ಹಾಕ್ಲಿ ಬಿಡು" ಅಂದಳು. "ಹೆಂಗೂ ಅಳಾದೈತಿ. ಖಾರಕ್ಕ ಅಂತ ಹೇಳ್ತೀನಿ."

ನಮ್ಮೂರಿಗೆ ಹೋಗೋ ಸಿರುಗುಪ್ಪ ಬಸ್ಸು ತುಂಬಿತ್ತು. ಕುರುಗೋಡಿನ ಇಬ್ಬರು ಅಕಿಯ ಗುರುತು ಹಿಡಿದು ಗುಸುಗುಸು ಶುರು ಮಾಡಿದ್ರು.

"ಆಧಾರ್ ತೋರಿಸಮ್ಮ, ಟಿಕೆಟ್ ಫ್ರೀ" ಅಂದ ಕಂಡಕ್ಟರ್.

"ಮನ್ಯಾಗ ಉಳೀತು."

"ತರಿಸ್ಕೊಳ್ಳಬಾರದೇನು ಮನಿಯಿಂದ?"

ಉಟ್ಟ ಬಟ್ಟೆ ಬಿಟ್ರೆ ಆ ಮನೆಯದು ಏನೂ ಅಕಿ ಹತ್ರ ಇರಲಿಲ್ಲ.

"ಎರಡು ತೆಕ್ಕಲಕೋಟಿ ಕೊಡ್ರಿ" ಅಂದೆ. ರೊಕ್ಕ ಪ್ಯಾಂಟಿನ ಬಲಗಡೆ ಜೇಬಿನಲ್ಲಿತ್ತು. ಪಟ್ಟಿ ಕಟ್ಟಿದ ಕೈ ಒಳಗೆ ಹೋಗಲಿಲ್ಲ. ಎಡಗೈಗೆ ಎಟುಕಲಿಲ್ಲ. ಬೆವರಿದೆ. ಕಂಡಕ್ಟರ್ ಲೊಚಗುಟ್ಟಿದ.

ಸುಮಂಗಲಾ ಗುಸುಗುಸು ಅಂತಿದ್ದವರ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಇಡೀ ಬಸ್ಸಿನ ಎದುರಿಗೆ ನನ್ನ ಜೇಬಿಗೆ ಕೈ ಹಾಕಿದಳು.